ಹಲಗೆ ಮುರಿದ ಕೂಗು

ಡಾರ್ಮ್‌ಸ್ಟಾಟ್‌ನ ನಮ್ಮ ಟೇಕ್ವಾಂಡೋ ಕ್ಲಬ್ ಕಟ್ಟಿದ ಕೊರಿಯನ್ ಮಾಸ್ಟರ್‌ಗೆ ಎಂಬತ್ತು ದಾಟಿದೆ. ಇಲ್ಲಿನ ಟ್ರೇನರ್‌ಗಳೆಲ್ಲ ಅವರ ಶಿಷ್ಯರೇ. ನನ್ನ ಬೆಲ್ಟ್ ಪರೀಕ್ಷೆಗೆ ಅವರೇ ಬಂದು ಕೂತಿದ್ದರು. ಪರೀಕ್ಷೆಯಲ್ಲಿ ಒದ್ದು ಮುರಿಯಬೇಕಾದ ಹಲಗೆ ಹೋದ ಸಲ ನನ್ನ ಒದೆತಕ್ಕೆ ಅಲುಗಾಡಿರಲೇ ಇಲ್ಲ.

"ಜೋರಾಗಿ ಕೂಗಿ ಒದಿ" ಅಂದರು ಟ್ರೇನರ್.

"ಅಪ್ಪಾ" ಎಂದು ಕೂಗಿ ಒದ್ದೆ. ಹಲಗೆ ಎರಡು ಹೋಳಾಯಿತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರೆ ಮಾಸ್ಟರ್ ಗಾಬರಿಯಿಂದ ಎದ್ದು ಬಂದರು.

"ಎಲ್ಲಿ ನೋವಾಯ್ತು?"

"ನೋವಿಲ್ಲ ಮಾಸ್ಟರ್, ನಮ್ಮಪ್ಪನ್ನ ಕರೆದೆ."

ಅವರು ನಕ್ಕುಬಿಟ್ಟರು. "ನಮ್ಮ ಭಾಷೆಯಲ್ಲಿ 'ಅಪಾ' ಅಂದರೆ ನೋವಾಗ್ತಿದೆ ಅಂತ, ನನಗೆ ಹಾಗೆ ಕೇಳಿಸ್ತು. ಅಪ್ಪನಿಗೆ ನಾವೂ 'ಅಪ್ಪಾ' ಅಂತಲೇ ಅನ್ನೋದು. ಜರ್ಮನಿಯಲ್ಲಿ ಇಷ್ಟು ವರ್ಷ ಕೂಗೋದು ಕಲಿಸಿದೆ, ಅಪ್ಪನ್ನ ಕರೆದವಳು ನೀನೇ ಮೊದಲು."

ಹಳದಿ ಬೆಲ್ಟನ್ನು ತಾವೇ ನನ್ನ ಸೊಂಟಕ್ಕೆ ಕಟ್ಟಿದರು.

ಮನೆಗೆ ಬಂದು ಶೂ ಬಿಚ್ಚಿದರೆ ಹೆಬ್ಬೆರಳು ಬದನೆಕಾಯಿಯಂತೆ ಊದಿಕೊಂಡಿತ್ತು. ಮಾಸ್ಟರ್ ಕೇಳಿಸಿಕೊಂಡಿದ್ದೂ ತಪ್ಪೇನಲ್ಲ.