ಕೆಂಚನ ಪಾಲಿನ ತಾರ್ಲೆ

ಮಂಗಳವಾರ, ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಶಿರಾಲಿಯ ನಮ್ಮ ಓಣಿಯಲ್ಲಿ ನಾಯಿ ಕಚ್ಚಿತು. (ಹೊತ್ತು ಖಚಿತ. ಇಂಥದ್ದನ್ನೆಲ್ಲ ನಾನು ಡೈರಿಯಲ್ಲಿ ಬರೆದಿಡುವುದು ನಿಮಗೆ ಗೊತ್ತೇ ಇದೆ.)

ಕಚ್ಚಿಸಿಕೊಂಡವಳು ಮೀನು ಮಾರುವ ಮಾದೇವಕ್ಕ. ಐದೇ ನಿಮಿಷದಲ್ಲಿ ಓಣಿಯವರೆಲ್ಲ ಅಪರಾಧಿಯನ್ನು ಗೊತ್ತುಮಾಡಿದ್ದರು: ಪಕ್ಕದ ಗಣಪತಿಯಣ್ಣನ ಮನೆಗೆ ಹೋದ ತಿಂಗಳು ಬಂದ ರಾಟ್‌ವೀಲರ್, ಬ್ರೂನೊ. ಕರುವಿನಂಥ ಮೈ, ಕೊಡದಂಥ ತಲೆ. ಬೇರೆ ಸಾಕ್ಷಿ ಯಾಕೆ?

“ಆ ಜಾತಿಯನ್ನೇ ಬ್ಯಾನ್ ಮಾಡ್ಬೇಕು,” ಎಂದರು ಎದುರುಮನೆಯ ಮಾಸ್ತರು. “ಸರ್ಕಾರ ಸುತ್ತೋಲೆ ಹೊರಡಿಸಿತ್ತು. ಕೋರ್ಟಿಗೆ ಹೋಗಿ ಬಿದ್ದೋತು.”

“ನಾಯಿ ಅಲ್ಲ ಅದು, ಹುಲಿ!” ಎಂದರು ನಮ್ಮಮ್ಮ.

“ಅದು ಗೇಟಿನ ಒಳಗೇ ಉಂಟಲ್ರಾ ಮಾರಾಯ್ರೆ!” ಗಣಪತಿಯಣ್ಣನ ಮಾತು ಯಾರಿಗೆ ಬೇಕು?

ಕಾಲು ಹಿಡಿದು ಕೂತಿದ್ದ ಮಾದೇವಕ್ಕ ಆಗ ಬಾಯಿಬಿಟ್ಟಳು. “ಅಮ್ಮಾ, ಕಚ್ಚಿದ್ದು ನಿಮ್ಮನೆ ಕೆಂಚ.”

ಅಮ್ಮನ ಹುಲಿ ಅಲ್ಲಿಗೇ ಬಾಲ ಮುದುರಿತು.

ನಮ್ಮ ಓಣಿಯಲ್ಲೊಂದು ಪದ್ಧತಿಯಿದೆ. ಮಾದೇವಕ್ಕ ಬುಟ್ಟಿ ಇಳಿಸುವ ಮೊದಲು ಆಯಾ ಮನೆಯ ನಾಯಿಗೆ ಒಂದು ತಾರ್ಲೆ ಮೀನು ಎಸೆಯಬೇಕು. ಹೈವೇ ಟೋಲ್ ಇದ್ದ ಹಾಗೆ. ಅಂದು ಬ್ರೂನೊನನ್ನು ಕಂಡು ಹೆದರಿದವಳು ಕೆಂಚನ ಪಾಲಿನ ತಾರ್ಲೆಯನ್ನು ಕೆಂಚನ ಕಣ್ಣೆದುರೇ ಗಣಪತಿಯಣ್ಣನ ಗೇಟಿನೊಳಗೆ ಎಸೆದುಬಿಟ್ಟಳು. ಪ್ಯಾಕೆಟ್ ಫುಡ್ ತಿಂದು ಬೆಳೆದ ಬ್ರೂನೊಗೆ ಅದು ತಿನ್ನುವ ವಸ್ತುವೆಂದೇ ತಿಳಿಯಲಿಲ್ಲ. ಮೂಸಿತು, ಸೀನಿತು, ಹಿಂದೆ ಸರಿಯಿತು. ಕೆಂಚ ಟೋಲ್ ತಪ್ಪಿಸಿದವಳ ಕಾಲಿಗೇ ಬಾಯಿ ಹಾಕಿತು.

ನಿಷೇಧಿತ ತಳಿಗಳ ಪಟ್ಟಿಯಲ್ಲಿ ಕೆಂಚನನ್ನು ಯಾವ ಹೆಸರಿನಲ್ಲಿ ಹುಡುಕಲಿ? ತಾಯಿ ಬಸ್‌ಸ್ಟ್ಯಾಂಡಿನವಳು, ತಂದೆಯ ವಿಳಾಸವಿಲ್ಲ. ಬ್ರೂನೊಗೆ ಲಸಿಕೆಯಾಗಿದೆ, ಸರಪಳಿಯಿದೆ, ಗೇಟಿದೆ. ಕೆಂಚನಿಗೆ ಇಡೀ ಓಣಿಯಿದೆ.

ಕಾಯ್ದೆಯೇ ಬೇಡ ಎನ್ನುತ್ತಿಲ್ಲ. ಬ್ರೂನೊನ ದವಡೆಗೆ ಸಿಕ್ಕಿದ್ದರೆ ಆ ಕಾಲಿನ ಗತಿ ಏನಾಗುತ್ತಿತ್ತೆಂದು ನೆನೆದರೆ ನನಗೂ ಹೆದರಿಕೆಯೇ. ಆದರೆ ತಳಿಯ ಹೆಸರು ಕೂಗುವ ಗದ್ದಲದಲ್ಲಿ, ಕಚ್ಚಿದ ನಾಯಿಗೆ ಒಂದು ಹಗ್ಗ ಹಾಕೋಣವೆಂದು ಯಾರಿಗೂ ಹೊಳೆಯಲಿಲ್ಲ. ನಮ್ಮ ಮನೆಯವರಿಗೂ.

ಮಾದೇವಕ್ಕನನ್ನು ಸ್ಕೂಟಿಯಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆ. ಮೊದಲ ಇಂಜೆಕ್ಷನ್ ಆಯಿತು, ಶುಕ್ರವಾರ ಎರಡನೆಯದೂ ಆಯಿತು. ಮೂರನೆಯದು ಬರುವ ಮಂಗಳವಾರ ಎಂದೆ. ಮಾದೇವಕ್ಕ ಅಡ್ಡಡ್ಡ ತಲೆಯಾಡಿಸಿದಳು.

“ನಾ ಬರೂದಿಲ್ಲ ತಂಗಿ.”

“ಎಂತಕ್ಕೆ?”

“ದಕ್ಕೆಗೆ ದೋಣಿ ಬರೂದೂ ಬೆಳಗ್ಗೆ, ನಿನ್ನ ಇಂಜೆಕ್ಷನ್ನೂ ಬೆಳಗ್ಗೆ. ಎರಡು ದಿನದ ವ್ಯಾಪಾರ ಹೋತು. ಮೂರನೇ ದಿನ ಮಕ್ಕಳಿಗೆ ಎಂತ ಬಡಿಸ್ಲಿ?”

“ಬಿಟ್ರೆ ಜೀವಕ್ಕೇ ಅಪಾಯ, ಮಾದೇವಕ್ಕಾ.”

“ಹಂಗಾದ್ರೆ ಮಧ್ಯಾಹ್ನದ ಮೇಲೆ ಹಾಕೂಕೆ ಹೇಳು. ನಾಯಿಗೆ ಯಾವ ಕಾಯ್ದೆ ಬೇಕಾದ್ರೂ ಆಮೇಲೆ ಮಾಡ್ಕಣ್ಲಿ.”

ಕೆಂಚ ಈಗ ಹಗ್ಗದಲ್ಲಿದೆ. ನನ್ನ ಮೇಲೆ ಸಿಟ್ಟಾಗಿದೆ, ಇರಲಿ. ಭಟ್ಕಳದಿಂದ ಕುಮಟಾದವರೆಗೆ ಎಲ್ಲಾದರೂ ಮಧ್ಯಾಹ್ನದ ಮೇಲೆ ಈ ಇಂಜೆಕ್ಷನ್ ಹಾಕುತ್ತಾರೆಯೇ? ಬಲ್ಲವರು ದಯವಿಟ್ಟು ಸೋಮವಾರದೊಳಗೆ ಬರೆದು ತಿಳಿಸಿ.

ತಳಿಗಳ ಬಗ್ಗೆ ಅಭಿಪ್ರಾಯವುಳ್ಳವರು ಬುಧವಾರದ ನಂತರ ಬರೆಯಬಹುದು.