ಹಾಳೂರಿನ ತೊಟ್ಟಿಲು

ಭಾನುವಾರ ಬಂದರೆ ಸಾಕು, ಹೊಸದುರ್ಗದಿಂದ ಬೈಕ್ ಹತ್ತಿ ಪಾಳು ಗುಡಿ, ಕುಸಿದ ಕೋಟೆ ಹುಡುಕಿಕೊಂಡು ಗುಡ್ಡ ಅಲೆಯುವ ಹುಚ್ಚು ನನಗೆ. ಬೇಡ ಎಂದವರ ಮೇಲೆ ರೇಗುತ್ತಿದ್ದೆ. ಚಿತ್ರದುರ್ಗದ ಕೋಟೆಗೆ ಟಿಕೆಟ್ ತೆಗೆದುಕೊಂಡು ಹೋಗುವವರನ್ನು ಕಂಡರಂತೂ ತಾತ್ಸಾರ. ಯಾರೂ ಕಾಣದ್ದನ್ನು ನಾನು ಕಂಡೆ ಎನ್ನುವ ಕೊಬ್ಬು.

ಹಾಗೆ ಸಿಕ್ಕಿದ್ದು ಬಿ.ದುರ್ಗದ ಕಡೆಯ ಗುಡ್ಡದ ಮೇಲಿನ ಹಾಳೂರು. ನೀರಿಲ್ಲದೆ ಜನ ಅಜ್ಜಂದಿರ ಕಾಲಕ್ಕೇ ಕೆಳಗಿಳಿದು ಹೋಗಿದ್ದರು. ಮನೆಗಳಿದ್ದಲ್ಲಿ ಮೊಣಕಾಲೆತ್ತರದ ಕಲ್ಲುಗೋಡೆ, ಎಲ್ಲೆಲ್ಲೂ ಲಂಟಾನದ ಮುಳ್ಳುಪೊದೆ. ಸೂರಿಲ್ಲದ ಅಮ್ಮನ ಗುಡಿಯೊಂದು ಮಾತ್ರ ನಿಂತಿತ್ತು. ಅದರ ಕಂಬಕ್ಕೆ ಗೇಣುದ್ದದ ಮರದ ತೊಟ್ಟಿಲು ಕಟ್ಟಿತ್ತು. ದಾರ ಹೊಸದು, ಅರಿಶಿನ ಕೈಗೆ ಹತ್ತಿತು. ನೋಡಿಯೂ ನೋಡದವನಂತೆ ದಾರ ಕತ್ತರಿಸಿ ಬ್ಯಾಗಿಗೆ ಹಾಕಿಕೊಂಡೆ.

ಮನೆಯಲ್ಲಿ ಟಿವಿ ಪಕ್ಕ ಇಟ್ಟೆ. ಫೋಟೊ ತೆಗೆದು 'ಮರೆತುಹೋದ ನಂಬಿಕೆ' ಎಂದು ಬರೆದು ಸ್ಟೇಟಸ್‌ಗೂ ಹಾಕಿದೆ. ಹೆಂಡತಿ, "ಯಾರದೋ ಹರಕೆ ಇದ್ದಂಗೈತೆ ಕಣ್ರಿ, ವಾಪಸ್ ಇಟ್ಟು ಬರ್ರಿ" ಅಂದಳು. "ಅಲ್ಲಿ ನರಪಿಳ್ಳೆ ಸುಳಿಯಲ್ಲ, ಸುಮ್ನಿರೇ" ಎಂದು ಗದರಿದೆ.

ವರ್ಷ ಕಳೆದ ಮೇಲೆ ಮತ್ತೆ ಹೋದೆ. ಗುಡಿಯ ಹತ್ತಿರ ಒಬ್ಬ ಮುದುಕಿ, ಅವರ ಸೊಸೆ ಪೊದೆ ತಡಕುತ್ತಿದ್ದರು. ಸೊಸೆಯ ತೋಳಲ್ಲಿ ಎಳೆ ಕೂಸು.

"ಏನಪ್ಪ, ಇಲ್ಲೊಂದು ತೊಟ್ಲು ಇತ್ತು, ಕಂಡ್ಯಾ?" ಮುದುಕಿ ಕೇಳಿದರು. "ಮಕ್ಳಾಗ್ಲಿ ಅಂತ ಇವ್ಳು ಕಟ್ಟಿದ್ಲು. ಕೂಸಾದ್ಮೇಲೆ ಕಟ್ಟಿದ ಕೈಯೇ ಬಿಚ್ಬೇಕು. ಅಲ್ಲೀತಂಕ ಮಗೀಗೆ ಹೆಸರಿಡಂಗಿಲ್ಲ ನಮ್ಮಲ್ಲಿ."

"ಕೋತಿ ಕಿತ್ತಿರ್ಬೇಕು ಬಿಡ್ರಿ" ಅಂದೆ. ಅಷ್ಟು ಸಲೀಸಾಗಿ ಬಂತು ಸುಳ್ಳು.

ಮುದುಕಿ ಸೊಸೆಯ ಕಡೆ ತಿರುಗಿದರು. "ನೆಟ್ಟಗೆ ಗಂಟು ಹಾಕಾಕೂ ಬರಲ್ವಲ್ಲೇ ನಿಂಗೆ! ಅಮ್ಮಂಗೆ ನಿನ್ ಹರಕೆ ಬ್ಯಾಡಾತೇನೋ."

"ಮೂರು ಗಂಟು ಹಾಕಿದ್ದೆ ಅತ್ತೆ" ಎಂದು ಅವಳು ಅಳತೊಡಗಿದಳು.

ಆಗಲಾದರೂ ಬಾಯಿ ಬಿಡಬೇಕಿತ್ತು. ಥೂ ನನ್ನ ಜನ್ಮಕ್ಕೆ! ಅವರ ಜೊತೆ ಬಗ್ಗಿ ಪೊದೆಯಲ್ಲಿ ಹುಡುಕುವ ನಾಟಕ ಆಡಿದೆ. ಕೈಯೆಲ್ಲ ತರಚಿತು. "ಪುಣ್ಯಾತ್ಮ, ನಮಗೋಸ್ಕರ ಇಷ್ಟು ಕಷ್ಟಪಟ್ಯಲ್ಲ" ಎಂದು ಮುದುಕಿ, ಅಮ್ಮನಿಗೆ ತಂದಿದ್ದ ಬಾಳೆಹಣ್ಣಿನಲ್ಲಿ ಎರಡು ಮುರಿದು ಕೊಟ್ಟರು. ತಗೊಂಡೆ. ಯಾವೂರು ಅಂತ ಕೂಡ ಕೇಳಲಿಲ್ಲ. ಕೇಳಿದರೆ ನನ್ನದೂ ಹೇಳಬೇಕಾಗುತ್ತಿತ್ತು.

ಅಂದು ಹೆಂಡತಿಗೆ ಎಲ್ಲ ಹೇಳಿದೆ. ಮರುದಿನ ರಜೆ ಹಾಕಿ ತೊಟ್ಟಿಲು ಒಯ್ದು ಅದೇ ಕಂಬಕ್ಕೆ ಕಟ್ಟಿದೆ, ಮೂರು ಗಂಟು ಹಾಕಿ. ಕೆಳಗಿನ ಊರುಗಳಲ್ಲಿ ವಿಚಾರಿಸಿದೆ; ಅವರು ಯಾರೆಂದು ತಿಳಿಯಲಿಲ್ಲ. ಈಗಲೂ ಭಾನುವಾರ ಹೋಗಿ ನೋಡುತ್ತೇನೆ, ತೊಟ್ಟಿಲು ಹಾಗೇ ಇದೆ. ಅವಳು ಬಂದರೂ ಬಿಚ್ಚುವುದೇನನ್ನು? ಅವಳು ಹಾಕಿದ ಗಂಟು ನಾನು ಕತ್ತರಿಸಿ ಆಯಿತು. ಈಗಿರುವ ಗಂಟು ನನ್ನ ಕೈಯದು.

"ಆ ಕೂಸಿಗೆ ಹೆಸರಿಟ್ರೋ ಇಲ್ವೋ" ಎಂದಳು ಹೆಂಡತಿ ಮೊನ್ನೆ. ನಾನು ರೇಗಲಿಲ್ಲ.