ಸಾಸಿವೆಯ ಸದ್ದು

ಮೇ ತಿಂಗಳ ನಾಗಪುರದಲ್ಲಿ ಮಧ್ಯಾಹ್ನದ ಹೊತ್ತು ಕೂಲರ್ ಆರಿಸಬೇಕೆಂದರೆ ಅದಕ್ಕೆ ಬಲವಾದ ಕಾರಣ ಬೇಕು. ರಘುನಂದನರ ಹತ್ತಿರ ಕಾರಣವಿತ್ತು. ಅದು ಅವರ ಹೆಂಡತಿ ಹಂಸಾ ಅವರಿಗೆ ಒಪ್ಪಿಗೆಯಾಗಿರಲಿಲ್ಲ, ಅಷ್ಟೆ.

“ಇನ್ನ ಎಷ್ಟು ಸಲರೀ? ಸೆಕಿಗೆ ಕುದ್ದು ಹೋಗೇನಿ.”

“ಒಂದ ಸಲ. ನೀ ಸುಮ್ನ ಕೂಡು.”

ಸ್ಪೂಲ್ ಟೇಪ್ ರೆಕಾರ್ಡರ್ ಊಟದ ಮೇಜನ್ನು ಆಕ್ರಮಿಸಿ ವಾರವಾಗಿತ್ತು; ಅದನ್ನು ಕೇಳುವಾಗ ಕೂಲರಿನ ಗದ್ದಲ ಇರಕೂಡದು. ಗಂಡ ಹೆಂಡತಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದರು.

ರಘುನಂದನರು ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ವಾಯುಸೇನೆ ಸೇರಿದವರು. ರೇಡಿಯೊ ದುರಸ್ತಿಯ ಕೆಲಸದ ಮೇಲೆ ನಾಗಪುರಕ್ಕೆ ಬಂದು ಇಲ್ಲಿಯೇ ಉಳಿದರು. ಸೇನೆ ಬಿಟ್ಟ ಮೇಲೆ ಹಿಂಗಣಾದ ಕಾರ್ಖಾನೆಯೊಂದರಲ್ಲಿ ಮೀಟರುಗಳನ್ನು ಪರೀಕ್ಷಿಸುತ್ತಿದ್ದರು. ಒಂದು ಸಲಕ್ಕೆ ಒಂದನ್ನೇ ಬದಲಿಸು, ಉಳಿದದ್ದನ್ನು ಮುಟ್ಟಬೇಡ: ಇದು ಅವರ ನಿಯಮ. ಸಾರು ಕೆಟ್ಟ ದಿನ ಅಡಿಗೆಮನೆಗೂ ಬಂದು ಅದನ್ನೇ ಹೇಳಿ ಬೈಸಿಕೊಂಡಿದ್ದರು.

ಟೇಪಿನಲ್ಲಿದ್ದದ್ದು ಕನ್ನಡ ಸಂಘದವರು ಎಂದೋ ಆಡಿದ ಒಂದು ನಗೆನಾಟಕ. ಧ್ವನಿಮುದ್ರಣ ರಘುನಂದನರದು. ಅವರ ಸಹೋದ್ಯೋಗಿಯ ತಂಗಿಯೊಬ್ಬಳು ಅದರಲ್ಲಿ ಅಂಗಡಿಗೆ ಬರುವ ಜಗಳಗಂಟಿಯ ಪಾತ್ರ ಮಾಡಿದ್ದಳು. “ಸೇರು ಸಾಸಿವಿ ಕೇಳಿದರ ಸವತಿಗತೆ ಸಿಡಕತೀಯಲ್ಲೋ ಶೆಟ್ಟಿ!” ಎಂದು ಅವಳು ಸೆರಗು ಸಿಕ್ಕಿಸಿದಾಗ ಸಭೆಯೆಲ್ಲ ಬಿದ್ದುಬಿದ್ದು ನಕ್ಕಿತ್ತು. ಹೆಡ್‌ಫೋನ್ ಹಾಕಿಕೊಂಡಿದ್ದ ರಘುನಂದನರು ಮಾತ್ರ ನಗಲಿಲ್ಲ. ಆ ಒಂದೊಂದು ‘ಸ’ವೂ ಬಿಸಿ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಕಿವಿಗೆ ತಾಗಿತ್ತು. ಮರುದಿನವೇ ಅವರು ಆ ಸಹೋದ್ಯೋಗಿಯ ಮನೆಗೆ ಹೋಗಲು ಒಂದು ನೆಪ ಹುಡುಕಿದರು. ಆ ಹುಡುಗಿಯೇ ಹಂಸಾ.

ಈಗ ಸಂಘಕ್ಕೆ ಐವತ್ತು ವರ್ಷ ತುಂಬಿತ್ತು. ಭಾನುವಾರದ ಸಮಾರಂಭದಲ್ಲಿ ಈ ದೃಶ್ಯವನ್ನು ಕೇಳಿಸುವುದಾಗಿ ರಘುನಂದನರು ಮಾತು ಕೊಟ್ಟಿದ್ದರು. ಆದರೆ ಅಟ್ಟದಿಂದ ಇಳಿಸಿ ಹಚ್ಚಿದ ಯಂತ್ರದಲ್ಲಿ ಎಲ್ಲ ಇತ್ತು, ಸಾಸಿವೆ ಇರಲಿಲ್ಲ. ಹಂಸಾ ಕಂಬಳಿಯೊಳಗಿಂದ ಜಗಳವಾಡುತ್ತಿದ್ದಂತಿತ್ತು.

ಅವರು ನಿಯಮದಂತೆ ಹೊರಟರು. ಟೇಪು ತಾಗಿ ಹಾಯುವ ಹೆಡ್ಡನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿದರು. ಇತವಾರಿ ಪೇಟೆಯ ಹೊಲಿಗೆ ಯಂತ್ರದ ಅಂಗಡಿಯಲ್ಲಿ ಅಳತೆಗೆ ಹೊಂದುವ ಬೆಲ್ಟ್ ಹುಡುಕಿ ತಂದರು. ಸ್ಪೀಕರ್ ಬದಲಿಸಿದರು. ಕಂಬಳಿ ಸರಿಯಲಿಲ್ಲ.

ನಾಗಪುರದಲ್ಲೇ ಹುಟ್ಟಿ ಬೆಳೆದ ಸಂಘದ ಕಾರ್ಯದರ್ಶಿ ಪ್ರೀತಮ್ ಮಂಗಳವಾರ ಬಂದು ಟೇಪು ಕೇಳಿ ಮರಾಠಿ ಬೆರೆಸಿ ಅಂದ: “ಮಸ್ತ್ ಐತಿ ಕಾಕಾ! ಏಕದಮ್ ಸಾಫ್. ಕಾಕೂ ಕಾಯ್ ಭಾಂಡ್ತಾರ, ಜಗಳಾ ಅಂದ್ರ ಜಗಳಾ!”

ಅವನು ಗೇಟು ದಾಟಿದ ಮೇಲೆ ರಘುನಂದನರು ಅಂದರು: “ಅವಗ ಕಿವಿ ಅವ ಏನು?”

ಆಮೇಲೆ ಉಳಿದದ್ದು ಹೆಡ್ಡಿನ ಪಕ್ಕದ ಸಣ್ಣ ತಿರುಪು. ಮುದ್ರಿಸುವಾಗ ಹೆಡ್ಡು ಟೇಪಿಗೆ ಯಾವ ಕೋನದಲ್ಲಿ ನಿಂತಿತ್ತೋ ಕೇಳುವಾಗಲೂ ಹಾಗೆಯೇ ನಿಲ್ಲಬೇಕು. ಕೂದಲೆಳೆಯಷ್ಟು ವಾಲಿದರೂ ಚೂಪು ಸ್ವರಗಳು ಮಾಯ. ಬುಧವಾರ ಅದನ್ನು ತಿರುಗಿಸಿದರು.

“ನಿನ್ನೀದ ಛಲೋ ಇತ್ತು,” ಹಂಸಾ ಒಳಗಿನಿಂದ ಕೂಗಿದರು.

“ನಿನಗೇನ ತಿಳೀತದ ಇದರಾಗ?”

ಈಗ ಪ್ರತಿ ಸಲ ಟೇಪು ಓಡಿದಾಗ ಹತ್ತಿಯ ಮೇಲೆ ಕಂದು ಪುಡಿ ಬರುತ್ತಿತ್ತು. ಅದು ಧೂಳಲ್ಲ, ಧ್ವನಿಯನ್ನು ಹಿಡಿದಿಟ್ಟ ಲೇಪವೇ ಎಂದು ಅವರಿಗೆ ಗೊತ್ತಿತ್ತು. ಕೇಳಿ ಕೇಳಿಯೇ ಟೇಪಿನ ಆ ಹುಡುಗಿಯನ್ನು ಅಳಿಸಿಹಾಕುತ್ತಿದ್ದೇನೆ ಅನ್ನಿಸಿ ಎದ್ದು ಹೋಗುವರು, ಎರಡು ಗುಟುಕು ನೀರು ಕುಡಿದು ಮತ್ತೆ ಬಂದು ಕೂಡುವರು. ಕಂಪ್ಯೂಟರಿಗೆ ನಕಲು ಇಳಿಸಬಹುದಿತ್ತು. ಮಂಕಾದದ್ದನ್ನು ಇಳಿಸಿದರೆ ಮಂಕೇ ಖಾಯಂ ಆಗುತ್ತದೆ ಎಂದು ಮನಸ್ಸು ಒಪ್ಪಲಿಲ್ಲ.

ಶುಕ್ರವಾರ ಪ್ರೀತಮ್ ಫೋನ್ ಮಾಡಿದ. “ಕಾಕಾ, ಟೆನ್ಶನ್ ನಕೋ. ಜಮಲಿಲ್ಲಾಂದ್ರ ಮೊಬೈಲ್‌ನಾಗಿಂದ ಯಾವದರ ಹಾಡು-ಗಾಣಾ ಹಚ್ಚಿಬಿಡ್ತೀನಿ.”

ರಘುನಂದನರು ಫೋನ್ ಇಟ್ಟು, ಬೆವರು ಒರೆಸಿಕೊಂಡು, ಕೂಲರ್ ಹಾಕಿದರು.

“ಮತ್ತ ಶುರುವಾತು ನೋಡ್ರಿ ಆ ಕೀ ಕೀ,” ಎಂದರು ಹಂಸಾ. “ವಾರಾತು ಹೇಳ್ಲಿಕತ್ತು. ಹಗಲೆಲ್ಲಾ ತಲಿ ಕೊರೀತದ.”

“ಯಾವ ಕೀ? ಸುಳ್ಳ ಏನರೆ ಹುಡುಕಬ್ಯಾಡ.”

ಹಂಸಾ ರೇಗಿದರು. ಎದ್ದು ಹೋಗಿ ಕೂಲರಿನ ತಗಡಿನ ಬಾಗಿಲನ್ನು ಬೆರಳಿನಿಂದ ಒತ್ತಿ ಹಿಡಿದರು. “ಈಗ ನಿಂತ್ತು?” ಬೆರಳು ತೆಗೆದರು. “ಈಗ ಬಂತು?” ಒತ್ತಿದಾಗ ಅವರ ಹುಬ್ಬು ಸಡಿಲವಾಗುತ್ತಿತ್ತು, ಬಿಟ್ಟಾಗ ಗಂಟಿಕ್ಕುತ್ತಿತ್ತು. ರಘುನಂದನರಿಗೆ ಎರಡೂ ಸಲ ಒಂದೇ ಗುಂಯ್ ಶಬ್ದ.

“ಇನ್ನೊಮ್ಮೆ ಮಾಡು,” ಎಂದರು. ಈ ಸಲ ಕಣ್ಣು ಮುಚ್ಚಿದರು. ಬೆರಳು ಒತ್ತಿತೋ ಬಿಟ್ಟಿತೋ ತಿಳಿಯಲಿಲ್ಲ.

ಕುರ್ಚಿಯ ಮೇಲೆ ಕುಸಿದು ಕೂತರು. ಒಂದೊಂದಾಗಿ ಎಲ್ಲವನ್ನೂ ಬದಲಿಸಿದ್ದರು. ಪರೀಕ್ಷೆಗೆ ಒಳಗಾಗದೆ ಉಳಿದದ್ದು ಕೇಳುವವನು ಒಬ್ಬನೇ. ಮಂಗಳವಾರ ಪ್ರೀತಮ್ ಹೇಳಿದ್ದು ನಿಜ. ಬುಧವಾರ ಹಂಸಾ ಹೇಳಿದ್ದೂ ನಿಜ. ಸರಿಯಿದ್ದ ತಿರುಪನ್ನು ಕೆಡಿಸಿದ್ದು ಇದೇ ಕೈ.

“ಏನಾತು? ನೀರು ಕೊಡ್ಲಿ?”

“ನನಗ ಕೇಳಸ್ಲಿಲ್ಲ ಹಂಸಾ. ಆ ಕೀ. ನಿನ್ನ ಸಾಸಿವೀನೂ.”

ಹಂಸಾ ತಾವೇ ಕೂಲರ್ ಆರಿಸಿ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡರು. “ಹೂಂ, ತಿರಗಸ್ರಿ. ನಾ ಹೇಳ್ತೀನಿ.”

ಟೇಪಿನ ಆರಂಭದಲ್ಲಿ ಅಂದಿನ ಅಧ್ಯಕ್ಷರ ಉದ್ದನೆಯ ಸ್ವಾಗತ ಭಾಷಣವಿತ್ತು. ಅದು ಸವೆದರೆ ಯಾರಿಗೂ ನಷ್ಟವಿಲ್ಲ ಎಂದು ರಘುನಂದನರು ಅದನ್ನೇ ಹಚ್ಚಿದರು. ಸ್ಕ್ರೂಡ್ರೈವರ್ ತಿರುಪಿನ ಮೇಲಿತ್ತು, ಕಣ್ಣು ಹೆಂಡತಿಯ ಹುಬ್ಬಿನ ಮೇಲೆ.

“ಇಲ್ಲ... ಇಲ್ಲ... ಸ್ವಲ್ಪ ಬಂತು... ಅಯ್ಯ, ದಾಟಿಬಿಟ್ರಿ, ಹಿಂದ ಬರ್ರಿ... ಹಾಂ. ನಿಲ್ರಿ!”

ಅವರಿಗೆ ಯಾವ ವ್ಯತ್ಯಾಸವೂ ಕೇಳಲಿಲ್ಲ. ನಿಂತರು. ತಿರುಪು ಅಲುಗದಿರಲೆಂದು ಹಂಸಾ ತಂದುಕೊಟ್ಟ ಉಗುರು ಬಣ್ಣದ ಒಂದು ಹನಿಯನ್ನು ಅದರ ಮೇಲೆ ಬಿಟ್ಟರು. ಅದು ಒಣಗಿದ ಮೇಲೆ ನಾಟಕವನ್ನು ಒಂದೇ ಸಲ, ಒಂದೇ ಓಟದಲ್ಲಿ ಕಂಪ್ಯೂಟರಿಗೆ ಇಳಿಸಿದರು. ಶೆಟ್ಟಿಯ ಅಂಗಡಿ ಬಂದಾಗ ಹಂಸಾ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕರು. ಅವರ ಹೆಗಲು ಕುಲುಕಿದ್ದನ್ನು ನೋಡಿ, ಬಂದಿದೆ ಎಂದು ರಘುನಂದನರು ತಿಳಿದುಕೊಂಡರು.

“ಸೋಮವಾರ ಕಿವಿ ಡಾಕ್ಟರ ಕಡೆ ಹೋಗೂಣು,” ಎಂದರು ಹಂಸಾ.

“ಮೊದಲ ಇದು.” ಅವರು ತೆಗೆದಿಟ್ಟಿದ್ದ ಹಳೆಯ ಬೆಲ್ಟಿನ ಒಂದು ತುಂಡು ಕತ್ತರಿಸಿ ಕೂಲರಿನ ಬಾಗಿಲ ಸಂದಿಗೆ ತುರುಕಿದರು. ಸ್ವಿಚ್ ಹಾಕಿದರು. “ಈಗ?”

ಹಂಸಾ ತಲೆ ವಾಲಿಸಿ ಆಲಿಸಿದರು. “ಇನ್ನೂ ಒಂದ್ಚೂರು ಅದ.”

“ಎಲ್ಲಿ? ಬೆರಳು ಇಟ್ಟು ತೋರಸು,” ಎನ್ನುತ್ತಾ ಅವರು ಮತ್ತೆ ಕತ್ತರಿ ಕೈಗೆತ್ತಿಕೊಂಡರು.